ಉಬ್ಬಿದ ಕಾಲುನಾಳಗಳು: ನಿಂತು ದುಡಿಯುವವರು ತಿಳಿಯಬೇಕಾದ ಸಂಗತಿಗಳು

1948ರ ಕಾರ್ಖಾನೆಗಳ ಕಾಯಿದೆಯಲ್ಲಿ 44ನೆಯ ಕಲಮು ಎಂಬುದೊಂದು ಇತ್ತು. ನಿಂತೇ ಕೆಲಸ ಮಾಡಬೇಕಾದ ಕಾರ್ಮಿಕರಿಗೆ, ಕೆಲಸದ ನಡುವೆ ಬಿಡುವು ದೊರೆತಾಗ ಕುಳಿತುಕೊಳ್ಳಲು ತಕ್ಕ ಏರ್ಪಾಡು ಇರತಕ್ಕದ್ದು ಎಂಬುದು ಅದರ ಸಾರಾಂಶ. ಹಾಜರಿ ಪುಸ್ತಕ, ಭವಿಷ್ಯನಿಧಿ, ಬೋನಸ್ಸುಗಳ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡ ಉದ್ಯಮಿಗಳಲ್ಲಿಯೂ ಈ ಕಲಮನ್ನು ಓದಿದವರು ವಿರಳ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು ಹಳೆಯ ಕಾಯಿದೆಯ ಸ್ಥಾನವನ್ನು ಪಡೆಯಿತಾದರೂ ಈ ಒಂದು ಮಾತನ್ನು ಅದು ಕೈಬಿಡಲಿಲ್ಲ. ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ತಮ್ಮ ತಮ್ಮ ಅಂಗಡಿ ಕಾಯಿದೆಗಳನ್ನು ತಿದ್ದಿ, ಅಂಗಡಿಗಳ ಸಿಬ್ಬಂದಿಗೂ ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟವು. ಒಂದು ಸ್ಟೂಲಿನ ಸಲುವಾಗಿ ಶಾಸನಸಭೆಗಳು ಇಷ್ಟು ಶ್ರಮ ವಹಿಸಿದ್ದೇಕೆಂಬುದು ತಿಳಿಯಬೇಕಾದರೆ, ಮನುಷ್ಯನ ಕಾಲಿನಿಂದ ರಕ್ತವು ಮೇಲಕ್ಕೆ ಹೇಗೆ ಮರಳುತ್ತದೆ ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ, ಗದಗ-ಬೆಟಗೇರಿಗಳ ಪೇಟೆಯಲ್ಲಿ ನಿಂತು ದುಡಿಯುವವರ ಸಂಖ್ಯೆ ಸಣ್ಣದಲ್ಲ. ಕಿರಾಣಿ ಅಂಗಡಿಯ ಮಾಲೀಕ, ಬಟ್ಟೆ ಅಂಗಡಿಯ ಗುಮಾಸ್ತ, ಖಾನಾವಳಿಯ ಒಲೆಯ ಮುಂದಿನ ಅಡುಗೆಯವ, ಮಾರುಕಟ್ಟೆ ಪ್ರಾಂಗಣದಲ್ಲಿ ತೂಕದ ಬಳಿ ನಿಲ್ಲುವ ಅಡತಿ ಅಂಗಡಿಯ ಹುಡುಗ, ಮುದ್ರಣಾಲಯದ ಯಂತ್ರದ ಮುಂದಿನ ಕೆಲಸಗಾರ, ಕ್ಷೌರಿಕ, ಇಸ್ತ್ರಿಯವ, ಇವರೆಲ್ಲರ ದಿನದ ಬಹುಭಾಗ ಪಾದಗಳ ಮೇಲೆಯೇ ಕಳೆಯುತ್ತದೆ. ಮುದ್ರಣಕ್ಕೆ ಹೆಸರಾದ ಗದುಗಿನಲ್ಲಿ ಅಚ್ಚುಮೊಳೆಗಳ ಕಾಲದ ಜೋಡಣೆಗಾರರು ಕೇಸಿನ ಮುಂದೆ ಇಡೀ ದಿನ ನಿಲ್ಲುತ್ತಿದ್ದುದನ್ನು ಹಿರಿಯರು ಬಲ್ಲರು. ಹಿಂದಿನ ಸಾಹುಕಾರರು ಗಾದಿಯ ಮೇಲೆ ಕಾಲು ಮಡಚಿ, ಲೋಡಿಗೆ ಒರಗಿ ವ್ಯಾಪಾರ ನಡೆಸುತ್ತಿದ್ದರು. ಗಾದಿ ಹೋಗಿ ಗಾಜಿನ ಕೌಂಟರು ಬಂದ ಮೇಲೆ ಮಾಲೀಕನೂ ಎದ್ದು ನಿಂತನು. ಈ ಬದಲಾವಣೆಯಿಂದ ವ್ಯಾಪಾರಕ್ಕೆ ಲಾಭವಾಗಿರಬಹುದು, ಕಾಲಿಗೆ ಆಗಿಲ್ಲ.

ಬಾವಿಯ ಫುಟ್‌ವಾಲ್ವ್ ಮತ್ತು ಕಾಲಿನ ಕವಾಟ

ಹೃದಯವು ಅಪಧಮನಿಗಳ ಮೂಲಕ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಮರಳಿ ಬರುವ ದಾರಿ ಅಭಿಧಮನಿಗಳದ್ದು. ಈ ದಾರಿಯು ಏರುದಾರಿ. ಇಲ್ಲಿ ಕೆಲಸ ಮಾಡುವ ಪಂಪು ಮೀನಖಂಡದ ಸ್ನಾಯು. ನಡೆಯುವಾಗ ಆ ಸ್ನಾಯು ಸಂಕುಚಿತಗೊಂಡು ಒಳಗಿನ ಆಳವಾದ ನಾಳಗಳನ್ನು ಹಿಂಡುತ್ತದೆ. ರಕ್ತ ಮೇಲಕ್ಕೆ ಏರುತ್ತದೆ. ಸ್ನಾಯು ಸಡಿಲಗೊಂಡಾಗ ಅದು ಕೆಳಕ್ಕೆ ಜಾರದಂತೆ ನಾಳದೊಳಗಿನ ಎರಡೆಸಳಿನ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ತೆರೆದ ಬಾವಿಗೆ ಪಂಪ್‌ಸೆಟ್ ಕೂಡಿಸಿದವರಿಗೆ ಈ ವ್ಯವಸ್ಥೆ ಹೊಸದಲ್ಲ. ಪೈಪಿನ ತುದಿಯ ಫುಟ್‌ವಾಲ್ವ್ ಸೋರತೊಡಗಿದರೆ ಮೋಟಾರು ಎಷ್ಟೇ ಚೆನ್ನಾಗಿದ್ದರೂ ಎತ್ತಿದ ನೀರು ಬಾವಿಗೇ ಮರಳುತ್ತದೆ. ಕಾಲಿನಲ್ಲಿ ಆಗುವುದೂ ಅದೇ.

ಈ ಕವಾಟಗಳನ್ನು ವಿವರವಾಗಿ ವರ್ಣಿಸಿದ ಗ್ರಂಥವನ್ನು ಇಟಲಿಯ ಪಡುವಾ ನಗರದ ಫ್ಯಾಬ್ರಿಸಿಯಸ್ ಎಂಬ ಶರೀರಶಾಸ್ತ್ರಜ್ಞನು 1603ರಲ್ಲಿ ಪ್ರಕಟಿಸಿದನು. ಅವನ ಶಿಷ್ಯ ವಿಲಿಯಂ ಹಾರ್ವೆಯು 1628ರಲ್ಲಿ ರಕ್ತಪರಿಚಲನೆಯನ್ನು ಸಾಧಿಸಿ ತೋರಿಸಿದಾಗ ಅವನಿಗೆ ದೊರೆತ ಬಲವಾದ ಸಾಕ್ಷ್ಯಗಳಲ್ಲಿ ಈ ಕವಾಟಗಳೂ ಸೇರಿದ್ದವು. ನಮ್ಮ ಆಯುರ್ವೇದ ಗ್ರಂಥಗಳಲ್ಲಿಯೂ ಸಿರಾಜ ಗ್ರಂಥಿ ಎಂಬ ಹೆಸರಿನಲ್ಲಿ ಗಂಟುಗಟ್ಟಿದ ನಾಳಗಳ ಉಲ್ಲೇಖವಿದೆ.

ಅಲುಗಾಡದೆ ನಿಂತ ಮನುಷ್ಯನ ಪಾದದ ಅಭಿಧಮನಿಯಲ್ಲಿ ಒತ್ತಡವು ಪಾದರಸದ ಅಳತೆಯಲ್ಲಿ ಸುಮಾರು 80ರಿಂದ 100 ಮಿಲಿಮೀಟರಿನಷ್ಟಿರುತ್ತದೆ. ಹೃದಯದಿಂದ ಪಾದದವರೆಗಿನ ರಕ್ತಸ್ತಂಭದ ಭಾರವೇ ಅದು. ಅದೇ ಮನುಷ್ಯನು ನಡೆಯತೊಡಗಿದರೆ, ಕವಾಟಗಳು ಸರಿಯಾಗಿದ್ದಲ್ಲಿ, ಒತ್ತಡವು 30ಕ್ಕಿಂತಲೂ ಕೆಳಗಿಳಿಯುತ್ತದೆ. ಆದುದರಿಂದ ಕಾಲಿಗೆ ಹಾನಿಕರವಾದುದು ದುಡಿಮೆಯಲ್ಲ, ನಡಿಗೆಯೂ ಅಲ್ಲ. ಒಂದೇ ಕಡೆ ಕಂಬದಂತೆ ನಿಲ್ಲುವುದು. ಬೆಟಗೇರಿಯ ಕುಣಿಮಗ್ಗದ ನೇಕಾರನು ಕುಳಿತಲ್ಲಿಯೇ ತುಳಿಹಲಗೆಗಳನ್ನು ತುಳಿಯುತ್ತಿರುವುದರಿಂದ ಅವನ ಮೀನಖಂಡಕ್ಕೆ ಬಿಡುವಿಲ್ಲದ ಕೆಲಸ. ಕೌಂಟರಿನ ಹಿಂದೆ ಮೂರು ಅಡಿ ಜಾಗದಲ್ಲಿ ಹನ್ನೆರಡು ತಾಸು ನಿಲ್ಲುವವನಿಗೆ ಆ ಅನುಕೂಲವಿಲ್ಲ.

ಕಾಲಿನ ರಕ್ತದ ಬಹುಪಾಲು, ಸುಮಾರು ನೂರಕ್ಕೆ ತೊಂಬತ್ತರಷ್ಟು, ಸ್ನಾಯುಗಳ ನಡುವಿನ ಆಳದ ನಾಳಗಳ ಮೂಲಕವೇ ಮರಳುತ್ತದೆ. ಉಳಿದುದು ಚರ್ಮದ ಕೆಳಗಿನ ಮೇಲ್ಪದರದ ನಾಳಗಳದ್ದು. ಅವುಗಳಲ್ಲಿ ಮುಖ್ಯವಾದದ್ದು ಒಳಗಣಕಾಲಿನಿಂದ ಹೊರಟು ತೊಡೆಯ ಒಳಮಗ್ಗುಲಲ್ಲಿ ಸಾಗಿ ತೊಡೆಸಂದಿಯಲ್ಲಿ ಆಳದ ನಾಳವನ್ನು ಸೇರುವ ದೊಡ್ಡ ಸಫೇನಸ್ ನಾಳ. ಆ ಸಂಗಮದ ಕವಾಟ ಕೆಟ್ಟರೆ ಮೇಲಿನ ರಕ್ತ ಕೆಳಕ್ಕೆ ಸುರಿಯುತ್ತದೆ. ನಾಳ ಹಿಗ್ಗುತ್ತದೆ. ಹಿಗ್ಗಿದ ನಾಳದಲ್ಲಿ ಮುಂದಿನ ಕವಾಟದ ಎಸಳುಗಳು ಒಂದಕ್ಕೊಂದು ತಾಗುವುದಿಲ್ಲ; ಅದೂ ಸೋರುತ್ತದೆ. ಹೀಗೆ ಮೇಲಿನಿಂದ ಕೆಳಕ್ಕೆ ದೋಷವು ಹರಡಿ, ಮೀನಖಂಡದ ಮೇಲೆ ಹಾವಿನಂತೆ ಸುತ್ತಿಕೊಂಡ ಗಂಟುಗಳು ಹೊರಗೆ ಕಾಣುತ್ತವೆ. ಇವನ್ನೇ ವೈದ್ಯರು ವೆರಿಕೋಸ್ ವೇನ್ಸ್ ಎನ್ನುತ್ತಾರೆ. ಕಣ್ಣಿಗೆ ಕಾಣುವ ಗಂಟು ಪರಿಣಾಮ ಮಾತ್ರ. ಮೂಲವಿರುವುದು ಬಹಳ ಸಲ ತೊಡೆಸಂದಿಯಲ್ಲಿ.

ಯಾರಿಗೆ ಬರುತ್ತದೆ?

ಡೆನ್ಮಾರ್ಕ್ ದೇಶದಲ್ಲಿ ದುಡಿಯುವ ವಯಸ್ಸಿನವರನ್ನು 12 ವರ್ಷ ಅನುಸರಿಸಿ ಮಾಡಿದ, 2005ರಲ್ಲಿ ಪ್ರಕಟವಾದ ಅಧ್ಯಯನವು, ಈ ಕಾಯಿಲೆಗೆ ಆಸ್ಪತ್ರೆ ಸೇರಿದ ದುಡಿಯುವ ಜನರಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ದೀರ್ಘಕಾಲ ನಿಂತು ಮಾಡುವ ಕೆಲಸದ ಲೆಕ್ಕಕ್ಕೆ ಹಾಕಿತು. ಉಳಿದ ನಾಲ್ಕು ಪಾಲಿಗೆ ಬೇರೆ ಕಾರಣಗಳುಂಟು. ವಂಶಪಾರಂಪರ್ಯ ಅವುಗಳಲ್ಲಿ ಪ್ರಬಲವಾದುದು. ತಂದೆತಾಯಿಗಳಿಗಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ವಯಸ್ಸು, ಸ್ಥೂಲಕಾಯ, ಗರ್ಭಧಾರಣೆ, ಹಿಂದೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವು ಇತರ ಕಾರಣಗಳು. ಇದು ಹೆಂಗಸರ ಕಾಯಿಲೆಯೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 18ರಿಂದ 64 ವರ್ಷದವರನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡಸರಲ್ಲಿ ಶೇಕಡಾ 40, ಹೆಂಗಸರಲ್ಲಿ ಶೇಕಡಾ 32 ಜನರಿಗೆ ಮುಖ್ಯನಾಳದ ಉಬ್ಬು ಕಂಡುಬಂದಿತು. ವೈದ್ಯರ ಬಳಿ ಹೋಗುವುದರಲ್ಲಿ ಹೆಂಗಸರು ಮುಂದೆ ಎಂಬುದಷ್ಟೇ ವ್ಯತ್ಯಾಸವಿದ್ದೀತು. ನಮ್ಮ ಕಡೆ ಧೋತರ, ಪ್ಯಾಂಟುಗಳ ಮರೆಯಲ್ಲಿ ಗಂಡಸರ ಕಾಲು ಯಾರಿಗೂ ಕಾಣುವುದಿಲ್ಲ.

ಕಾಯಿಲೆಯು ಸಾಗುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಹೇಳುವುದು ಸುಲಭ. ಶಿರಹಟ್ಟಿ ಪೇಟೆಯ ಒಬ್ಬ ಕಿರಾಣಿ ವ್ಯಾಪಾರಿ ಎಂದು ಇಟ್ಟುಕೊಳ್ಳೋಣ. ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದರೆ ರಾತ್ರಿ ಒಂಬತ್ತಕ್ಕೆ ಕದ ಹಾಕುವುದು. ನಾಲ್ವತ್ತರ ಹೊತ್ತಿಗೆ ಸಂಜೆಯಾದರೆ ಕಾಲು ಭಾರವೆನಿಸುತ್ತದೆ. ಕಾಲುಚೀಲ ತೆಗೆದಾಗ ಗಣಕಾಲಿನ ಸುತ್ತ ಅದರ ಗೆರೆ ಅಚ್ಚೊತ್ತಿದಂತೆ ಉಳಿದಿರುತ್ತದೆ. ರಾತ್ರಿ ಮೀನಖಂಡ ಸೆಟೆದು ಎಚ್ಚರವಾಗುತ್ತದೆ. ಬೆಳಿಗ್ಗೆ ಎಲ್ಲವೂ ಸರಿ. ವಾತವೆಂದು, ನರದೌರ್ಬಲ್ಯವೆಂದು, ಬೆನ್ನಿನಿಂದ ಇಳಿದ ನೋವೆಂದು ಎಣ್ಣೆ ತಿಕ್ಕುವುದು ನಡೆಯುತ್ತದೆ. ನಾಲ್ವತ್ತೈದಕ್ಕೆ ನೀಲಿ ಗಂಟುಗಳು ಸ್ಪಷ್ಟವಾಗುತ್ತವೆ. ನೋವಿಲ್ಲವಾದ್ದರಿಂದ ಯಾರೂ ಚಿಂತಿಸುವುದಿಲ್ಲ. ಐವತ್ತರ ಸುಮಾರಿಗೆ ಒಳಗಣಕಾಲಿನ ಮೇಲ್ಭಾಗದಲ್ಲಿ ತುರಿಕೆ ಎದ್ದು ಚರ್ಮ ಕಂದುಬಣ್ಣಕ್ಕೆ ತಿರುಗುತ್ತದೆ. ಔಷಧದ ಅಂಗಡಿಯಿಂದ ಇಸಬಿನ ಮುಲಾಮು ಬರುತ್ತದೆ. ಚರ್ಮವು ಕ್ರಮೇಣ ಹಲಗೆಯಂತೆ ಬಿರುಸಾಗುತ್ತದೆ. ಒಂದು ದಿನ ಎಣ್ಣೆಡಬ್ಬಿಯ ಅಂಚು ತಾಗಿ ಸಣ್ಣದೊಂದು ಗಾಯವಾಗುತ್ತದೆ. ಆ ಗಾಯ ಮಾಯುವುದಿಲ್ಲ.

ಹೀಗೆ ಮಾಯದ ಹುಣ್ಣಿನವರೆಗೆ ಬಂದಾಗ ಮಾತ್ರ ವೈದ್ಯರನ್ನು ಕಾಣುವವರು ಬಹಳ. ವೈದ್ಯರು ಈ ಹಂತಗಳನ್ನು ಸೊನ್ನೆಯಿಂದ ಆರರವರೆಗಿನ ಅಂಕಗಳಿಂದ ಗುರುತಿಸುತ್ತಾರೆ. ಕೂದಲೆಳೆಯಂಥ ನಾಳಗಳಿಗೆ 1, ಉಬ್ಬಿದ ನಾಳಗಳಿಗೆ 2, ಬಾವಿಗೆ 3, ಚರ್ಮದ ಬದಲಾವಣೆಗೆ 4, ಮಾಯ್ದ ಹುಣ್ಣಿಗೆ 5, ತೆರೆದ ಹುಣ್ಣಿಗೆ 6. ಮೂರರಿಂದ ನಾಲ್ಕಕ್ಕೆ ದಾಟುವ ಗಡಿಯನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು. ಚರ್ಮ ಒಮ್ಮೆ ಕೆಟ್ಟ ಮೇಲೆ ನಾಳದ ದೋಷವನ್ನು ಸರಿಪಡಿಸಿದರೂ ಚರ್ಮವು ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ. ಮುಂದೂಡಿದ ಸಾಲದ ಬಡ್ಡಿ ಇದು. ಅಸಲು ತೀರಿದರೂ ಉಳಿಯುತ್ತದೆ.

ಉಬ್ಬಿದ ನಾಳಕ್ಕೆ ಪೆಟ್ಟು ತಗುಲಿ ಅಥವಾ ತೆಳುವಾದ ಚರ್ಮ ಒಡೆದು ರಕ್ತ ಚಿಮ್ಮುವ ಪ್ರಸಂಗವೂ ಉಂಟು. ಸ್ನಾನದ ಮನೆಯಲ್ಲಿ ಬಿಸಿನೀರಿನ ಕೆಳಗೆ ಹೀಗಾದಾಗ ನೋವಾಗದ ಕಾರಣ ತಡವಾಗಿ ಗೊತ್ತಾಗುತ್ತದೆ. ಗಾಬರಿಯಿಂದ ತೊಡೆಗೆ ಹಗ್ಗ ಬಿಗಿಯುವುದು ತಪ್ಪು. ಅದರಿಂದ ಸೋರಿಕೆ ಹೆಚ್ಚಾದೀತು. ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಸ್ವಚ್ಛ ಬಟ್ಟೆಯಿಂದ ಗಾಯದ ಮೇಲೆಯೇ ಹತ್ತು ನಿಮಿಷ ಬಲವಾಗಿ ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ. ಆಮೇಲೆ ಪಟ್ಟಿ ಸುತ್ತಿ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದೇ ಕಾಲು ಹಠಾತ್ತನೆ ಊದಿಕೊಂಡು ನೋಯತೊಡಗಿದರೆ ಅದು ಆಳದ ನಾಳದಲ್ಲಿ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು. ಅಂದೇ ವೈದ್ಯರನ್ನು ಕಾಣತಕ್ಕದ್ದು.

ಡಾಪ್ಲರ್ ಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ

ಕವಾಟ ಎಲ್ಲಿ ಸೋರುತ್ತಿದೆ, ಆಳದ ನಾಳ ತೆರೆದಿದೆಯೇ ಮುಚ್ಚಿದೆಯೇ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಅದಕ್ಕೆ ಡಾಪ್ಲರ್ ಎಂಬ ಧ್ವನಿತರಂಗದ ಪರೀಕ್ಷೆ ಬೇಕು. ಚುಚ್ಚುವುದಿಲ್ಲ, ಕ್ಷಕಿರಣವಿಲ್ಲ. ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಒತ್ತಿ ಬಿಟ್ಟು, ರಕ್ತವು ಹಿಮ್ಮುಖವಾಗಿ ಎಷ್ಟು ಹೊತ್ತು ಹರಿಯುತ್ತದೆ ಎಂಬುದನ್ನು ಅಳೆಯುತ್ತಾರೆ. ಮೇಲ್ಪದರದ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಮ್ಮುಖ ಹರಿವು ಇದ್ದರೆ ಕವಾಟ ಕೆಟ್ಟಿದೆಯೆಂದು ಅರ್ಥ. ಮಲಗಿಸಿಯೇ ಎರಡು ನಿಮಿಷದಲ್ಲಿ ಮುಗಿಸಿದ ಪರೀಕ್ಷೆಯ ವರದಿಯನ್ನು ನಂಬಿ ಚಿಕಿತ್ಸೆಗೆ ಒಪ್ಪುವುದು ಸರಕು ನೋಡದೆ ಬಿಲ್ಲು ಪಾಸು ಮಾಡಿದಂತೆ.

ಇಲ್ಲಿ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಚರ್ಮದ ಮೇಲೆ ಜೇಡರಬಲೆಯಂತೆ ಕಾಣುವ ಕೆಂಪು, ನೀಲಿ ಎಳೆಗಳೆಲ್ಲ ಕಾಯಿಲೆಯಲ್ಲ. ಅನೇಕ ವೇಳೆ ಮುಖ್ಯನಾಳವು ಸಂಪೂರ್ಣ ಆರೋಗ್ಯವಾಗಿರುತ್ತದೆ. ಆರೋಗ್ಯವಾಗಿರುವ ಸಫೇನಸ್ ನಾಳವನ್ನು ಸುಡಿಸಿಕೊಳ್ಳುವುದು ನಷ್ಟದ ವ್ಯವಹಾರ. ಮುಂದೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಬೇಕಾದರೆ ಬದಲಿ ನಾಳವನ್ನು ಹೆಚ್ಚಾಗಿ ತೆಗೆಯುವುದು ಇಲ್ಲಿಂದಲೇ. ಮಧುಮೇಹ, ರಕ್ತದೊತ್ತಡಗಳಿರುವ ಐವತ್ತು ದಾಟಿದ ವ್ಯಾಪಾರಿಗೆ ಅದು ಕಾದಿಟ್ಟ ಠೇವಣಿ ಇದ್ದಂತೆ. ಹಿಗ್ಗಿ, ಸೊಟ್ಟಗಾಗಿ, ಸೋರುವ ನಾಳವು ಹೇಗೂ ಬೈಪಾಸಿಗೆ ಬಾರದು. ಅದನ್ನು ಮುಚ್ಚಿಸುವುದರಲ್ಲಿ ಹಾನಿಯಿಲ್ಲ. ಈ ಎರಡರ ನಡುವಿನ ಭೇದವನ್ನು ಹೇಳಬಲ್ಲದ್ದು ಡಾಪ್ಲರ್ ವರದಿ ಒಂದೇ. ಅದರ ಪ್ರತಿಯನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.

ಅಳತೆಯ ಕಾಲುಚೀಲ

ಗಣಕಾಲಿನಲ್ಲಿ ಬಿಗಿ ಹೆಚ್ಚಾಗಿ, ಮೇಲೆ ಹೋದಂತೆ ಸಡಿಲವಾಗುವ ವಿಶೇಷ ಕಾಲುಚೀಲಗಳಿವೆ. ಸಾಮಾನ್ಯವಾಗಿ ಬಳಸುವ ಎರಡನೆಯ ದರ್ಜೆಯವು 23ರಿಂದ 32 ಮಿಲಿಮೀಟರಿನಷ್ಟು ಒತ್ತಡ ಕೊಡುತ್ತವೆ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ ಧರಿಸಬೇಕು, ರಾತ್ರಿ ತೆಗೆಯಬೇಕು, ಆರು ತಿಂಗಳಿಗೊಮ್ಮೆ ಬದಲಿಸಬೇಕು. ಬಾವು, ಭಾರ ಕಡಿಮೆಯಾಗುತ್ತವೆ. ಕೆಟ್ಟ ಕವಾಟ ಮಾತ್ರ ಸರಿಹೋಗುವುದಿಲ್ಲ. ನಮ್ಮ ಸೀಮೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ತೊಡೆಯವರೆಗಿನ ಚೀಲವನ್ನು ದಿನವಿಡೀ ಧರಿಸುವವರು ಎಷ್ಟು ಮಂದಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಹಳಷ್ಟು ಜೋಡಿಗಳು ಕಪಾಟಿನಲ್ಲಿಯೇ ಉಳಿಯುತ್ತವೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ನೈಸ್ 2013ರ ತನ್ನ ಮಾರ್ಗಸೂಚಿಯಲ್ಲಿ, ಬೇರೆ ಚಿಕಿತ್ಸೆ ಸಾಧ್ಯವಿರುವವರಿಗೆ ಬರಿಯ ಕಾಲುಚೀಲವನ್ನೇ ಚಿಕಿತ್ಸೆಯೆಂದು ಕೊಡಬಾರದೆಂದು ಹೇಳಿತು.

ಮಧುಮೇಹಿಗಳು, ಬೀಡಿ ಸಿಗರೇಟಿನ ಅಭ್ಯಾಸವಿರುವವರು ವೈದ್ಯರನ್ನು ಕೇಳದೆ ಈ ಚೀಲಗಳನ್ನು ಧರಿಸಕೂಡದು. ಅಂಥವರ ಕಾಲಿನ ಅಪಧಮನಿಗಳು ಮೊದಲೇ ಕಿರಿದಾಗಿರುವ ಸಂಭವವಿದೆ. ಹೊರಗಿನಿಂದ ಬಿಗಿದರೆ ಪಾದಕ್ಕೆ ಬರುವ ಅಲ್ಪಸ್ವಲ್ಪ ರಕ್ತವೂ ತಡೆದುಹೋಗಿ ಬೆರಳುಗಳಿಗೆ ಅಪಾಯ ಒದಗೀತು. ಕೈ ಮತ್ತು ಗಣಕಾಲಿನ ರಕ್ತದೊತ್ತಡಗಳನ್ನು ಹೋಲಿಸಿ ನೋಡುವ ಸರಳ ಪರೀಕ್ಷೆಯಿಂದ ಇದು ತಿಳಿಯುತ್ತದೆ.

ಕೊಯ್ತವಿಲ್ಲದ ಚಿಕಿತ್ಸೆಗಳು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ತೊಡೆಯಲ್ಲಿ ನಾಳವನ್ನು ಕಟ್ಟುವ ಶಸ್ತ್ರಕ್ರಿಯೆಯನ್ನು ಪ್ರಚುರಪಡಿಸಿದನು. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದೊಳಗೆ ತಂತಿ ತೂರಿಸಿ ಅದನ್ನೇ ಕಿತ್ತು ತೆಗೆಯುವ ಸಾಧನವನ್ನು ವರ್ಣಿಸಿದನು. ಸುಮಾರು ನೂರು ವರ್ಷ ಇದೇ ನಡೆಯಿತು. ಬೆನ್ನಿಗೆ ಅರಿವಳಿಕೆ, ತೊಡೆಸಂದಿಯಲ್ಲಿ ಕೊಯ್ತ, ವಾರಗಟ್ಟಲೆ ವಿಶ್ರಾಂತಿ. ಅಂಗಡಿ ಮುಚ್ಚಿ ಇಷ್ಟು ದಿನ ಮಲಗಲು ಒಪ್ಪದೆ ಕಾಯಿಲೆಯನ್ನು ಮುಂದೂಡಿದವರನ್ನು ದೂರುವಂತಿಲ್ಲ. ಆದರೆ ಆ ಕಾರಣ ಈಗ ಉಳಿದಿಲ್ಲ.

1999ರಿಂದ 2001ರ ಅವಧಿಯಲ್ಲಿ ನಾಳದೊಳಗಿನಿಂದಲೇ ಲೇಸರ್ ಕಿರಣದಿಂದ ಮುಚ್ಚುವ ಪದ್ಧತಿಯ ಮೊದಲ ವರದಿಗಳು ಬಂದವು. ಮೊಣಕಾಲಿನ ಬಳಿ ಸೂಜಿಯಿಂದ ಚುಚ್ಚಿ, ಡಾಪ್ಲರ್ ಪರದೆಯನ್ನು ನೋಡುತ್ತ, ಕೂದಲಿನಂತೆ ಸಣ್ಣದಾದ ಎಳೆಯನ್ನು ನಾಳದೊಳಗೆ ತೊಡೆಸಂದಿಗಿಂತ ಸುಮಾರು ಎರಡು ಸೆಂಟಿಮೀಟರ್ ಕೆಳಗಿನವರೆಗೆ ಒಯ್ಯುತ್ತಾರೆ. ನಾಳದ ಸುತ್ತ ತಣ್ಣನೆಯ ಅರಿವಳಿಕೆ ದ್ರಾವಣವನ್ನು ತುಂಬುತ್ತಾರೆ; ಇದರಿಂದ ನೋವು ತಿಳಿಯುವುದಿಲ್ಲ, ಸುತ್ತಲಿನ ಮಾಂಸಕ್ಕೆ ಬಿಸಿಯೂ ತಾಗುವುದಿಲ್ಲ. ಆಮೇಲೆ ಎಳೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ಬಂದಂತೆ ನಾಳವು ಶಾಖದಿಂದ ಕುಗ್ಗಿ ಮುಚ್ಚಿಕೊಳ್ಳುತ್ತದೆ. ರೇಡಿಯೋ ತರಂಗದ ಪದ್ಧತಿಯೂ ಹೀಗೆಯೇ. ಅದರಲ್ಲಿ ಏಳು ಸೆಂಟಿಮೀಟರ್ ಉದ್ದದ ಬಿಸಿತುದಿಯು 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತುಂಡುತುಂಡಾಗಿ, ಪ್ರತಿ ತುಂಡಿಗೆ 20 ಸೆಕೆಂಡಿನಂತೆ ನಾಳವನ್ನು ಮುಚ್ಚುತ್ತದೆ. ಎರಡರಲ್ಲಿಯೂ ರೋಗಿಯು ಅದೇ ದಿನ ನಡೆದು ಮನೆಗೆ ಹೋಗುತ್ತಾನೆ. ನಡೆಯಲೇಬೇಕೆಂದು ವೈದ್ಯರ ಆಗ್ರಹ. ಕೆಲವೇ ದಿನಗಳಲ್ಲಿ ಅಂಗಡಿಗೆ ಮರಳಬಹುದು. ಭಾರ ಎತ್ತುವ ಹಮಾಲರಿಗೆ ಇನ್ನಷ್ಟು ದಿನ ಬೇಕಾದೀತು.

ನಾಳವನ್ನೇ ಮುಚ್ಚಿದರೆ ರಕ್ತ ಎಲ್ಲಿ ಹೋದೀತೆಂಬ ಸಂದೇಹ ಸಹಜ. ಆ ನಾಳವು ಮೊದಲೇ ರಕ್ತವನ್ನು ಮೇಲಕ್ಕಲ್ಲ, ಕೆಳಕ್ಕೆ ಒಯ್ಯುತ್ತಿತ್ತು. ಸೋರುವ ದಾರಿ ಮುಚ್ಚಿದೊಡನೆ ರಕ್ತವು ಸರಿಯಾದ ನಾಳಗಳನ್ನು ಹಿಡಿಯುತ್ತದೆ. ಆಳದ ನಾಳವೇ ಮುಚ್ಚಿಹೋಗಿರುವವರ ಮಾತು ಬೇರೆ. ಅಂಥವರಿಗೆ ಮೇಲಿನ ನಾಳವೇ ಜೀವನಾಡಿ. ಡಾಪ್ಲರ್ ಇಲ್ಲದೆ ಚಿಕಿತ್ಸೆಯಿಲ್ಲವೆಂದು ಮೇಲೆ ಹೇಳಿದ್ದಕ್ಕೆ ಇದು ಎರಡನೆಯ ಕಾರಣ.

ಮೂರನೆಯ ಪದ್ಧತಿ ನೊರೆಯ ಚುಚ್ಚುಮದ್ದು. ಪಾಲಿಡೋಕನಾಲ್ ಮೊದಲಾದ ದ್ರವವನ್ನು ಎರಡು ಸಿರಿಂಜುಗಳ ನಡುವೆ ಗಾಳಿಯೊಡನೆ ಬೆರೆಸಿ ನೊರೆ ಮಾಡಿ ನಾಳಕ್ಕೆ ಏರಿಸುತ್ತಾರೆ. ದುಬಾರಿ ಯಂತ್ರ ಬೇಡವಾದ್ದರಿಂದ ಖರ್ಚು ಕಡಿಮೆ. ಆದರೆ ಬ್ರಿಟನ್ನಿನಲ್ಲಿ 798 ರೋಗಿಗಳ ಮೇಲೆ ಲೇಸರ್, ನೊರೆ, ಶಸ್ತ್ರಕ್ರಿಯೆ ಮೂರನ್ನೂ ಹೋಲಿಸಿ ನೋಡಿದ ಪ್ರಯೋಗದ ಐದು ವರ್ಷಗಳ ಫಲಿತಾಂಶವು 2019ರಲ್ಲಿ ಪ್ರಕಟವಾದಾಗ, ಲೇಸರ್ ಮತ್ತು ಶಸ್ತ್ರಕ್ರಿಯೆ ಪಡೆದವರ ಸ್ಥಿತಿಯು ನೊರೆ ಪಡೆದವರಿಗಿಂತ ಮೇಲಾಗಿತ್ತು. ದೊಡ್ಡ ನಾಳಕ್ಕೆ ಶಾಖ, ಉಳಿದ ಕವಲುಗಳಿಗೆ ನೊರೆ ಅಥವಾ ಎರಡು ಮೂರು ಮಿಲಿಮೀಟರಿನ ರಂಧ್ರಗಳಿಂದ ಗಂಟು ತೆಗೆಯುವುದು ಎಂಬ ಜೋಡಿಕ್ರಮವನ್ನು ಬಹಳ ಕಡೆ ಅನುಸರಿಸುತ್ತಾರೆ. ನಾಳವನ್ನು ವೈದ್ಯಕೀಯ ಅಂಟಿನಿಂದ ಮುಚ್ಚುವ ಪದ್ಧತಿಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಸುತ್ತ ಅರಿವಳಿಕೆ ತುಂಬಬೇಕಾಗಿಲ್ಲವೆಂಬುದು ಅದರ ಅನುಕೂಲ. ಬೆಲೆ ಹೆಚ್ಚು, ಕೆಲವರಿಗೆ ಒಗ್ಗದೆ ಚರ್ಮ ಕೆಂಪೇರುತ್ತದೆ. ಹಳೆಯ ಶಸ್ತ್ರಕ್ರಿಯೆಯನ್ನು ಕಡೆಗಣಿಸಬೇಕಾಗಿಲ್ಲ. ಯಂತ್ರವಿಲ್ಲದ ಕಡೆ, ಬಹಳ ಸೊಟ್ಟಗಾದ ನಾಳಗಳಲ್ಲಿ, ಅದು ಈಗಲೂ ಒಳ್ಳೆಯ ಚಿಕಿತ್ಸೆಯೇ.

ಹುಣ್ಣು ಆದವರಿಗೆ ಚಿಕಿತ್ಸೆಯ ಕಾಲ ಕಳೆಯಿತೆಂಬ ಭಾವನೆಯೂ ಸರಿಯಲ್ಲ. ಹಿಂದೆ ಮೊದಲು ಹುಣ್ಣು ಮಾಯಲಿ, ಆಮೇಲೆ ನಾಳದ ವಿಚಾರ ಎನ್ನುತ್ತಿದ್ದರು. ಬ್ರಿಟನ್ನಿನಲ್ಲಿ 450 ಹುಣ್ಣುಳ್ಳ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವು ಇದನ್ನು ಬದಲಿಸಿತು. ಬಿಗಿಪಟ್ಟಿಯ ಜೊತೆಗೆ ಎರಡು ವಾರದೊಳಗೆ ನಾಳವನ್ನು ಮುಚ್ಚಿದವರಲ್ಲಿ ಹುಣ್ಣು ಮಾಯಲು ಬೇಕಾದ ಮಧ್ಯಮ ಅವಧಿ 56 ದಿನ. ಕಾದವರಲ್ಲಿ 82 ದಿನ. ದಿನಗೂಲಿಯ ಕೆಲಸಗಾರನಿಗೆ 26 ದಿನವೆಂದರೆ ಒಂದು ತಿಂಗಳ ದುಡಿಮೆ.

ಜಾಹೀರಾತುಗಳು ಹೇಳದಿರುವ ಕೆಲವು ಮಾತುಗಳೂ ಉಂಟು. ಚಿಕಿತ್ಸೆಯಾದ ಕಾಲಿನಲ್ಲಿ ಕೆಲವು ವಾರ ಹಗ್ಗ ಎಳೆದಂಥ ಬಿಗಿತ, ನೀಲಿಗಟ್ಟುವಿಕೆ ಸಾಮಾನ್ಯ. ಚರ್ಮದ ನರಕ್ಕೆ ಶಾಖ ತಾಗಿ ಜೋಮು ಹಿಡಿಯುವುದುಂಟು. ಅಪರೂಪಕ್ಕೆ ಹೆಪ್ಪು ಆಳದ ನಾಳಕ್ಕೆ ಚಾಚೀತು. ಆದುದರಿಂದಲೇ ಒಂದು ವಾರದ ಸುಮಾರಿಗೆ ಮತ್ತೆ ಡಾಪ್ಲರ್ ಮಾಡಿ ನೋಡುವ ರೂಢಿ ಇದೆ. ಕೆಲವು ವರ್ಷಗಳಲ್ಲಿ ಬೇರೆ ನಾಳ ಸೋರತೊಡಗುವುದೂ ಉಂಟು. ಶಾಶ್ವತ ಪರಿಹಾರವೆಂದು ಬರೆದುಕೊಡುವವರನ್ನು ಸಂದೇಹದಿಂದ ನೋಡುವುದು ಒಳಿತು. ಗರ್ಭಿಣಿಯರಿಗೆ ಈ ಚಿಕಿತ್ಸೆಗಳನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಹೆರಿಗೆಯ ನಂತರ ಎಷ್ಟೋ ಉಬ್ಬುಗಳು ತಾವಾಗಿಯೇ ಇಳಿಯುತ್ತವೆ.

ಖರ್ಚು, ವಿಮೆ ಮತ್ತು ಲೆಕ್ಕ

ಶಿರಹಟ್ಟಿಯ ಕಡೆಯವರು ಮೊದಲು ಗದುಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ, ಅಲ್ಲಿಂದ ಮುಂದೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ದೊಡ್ಡ ಆಸ್ಪತ್ರೆಗಳಿಗೆ ಹೋಗುವುದು ರೂಢಿ. ಯಾವ ಆಸ್ಪತ್ರೆಯಲ್ಲಿ ಯಾವ ಪದ್ಧತಿ ಲಭ್ಯ, ರಕ್ತನಾಳ ತಜ್ಞರು ಯಾವ ದಿನ ಇರುತ್ತಾರೆ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ವ್ಯಾಪಾರ ಉಳಿಯುತ್ತದೆ. ಪ್ಯಾಕೇಜು ದರ ಹೇಳಿದಾಗ ಅದು ಒಂದು ಕಾಲಿಗೋ ಎರಡಕ್ಕೋ, ಕವಲುಗಳ ಚಿಕಿತ್ಸೆ, ನಂತರದ ಡಾಪ್ಲರ್, ಕಾಲುಚೀಲ ಸೇರಿವೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಬೇಕು. ಲೇಸರಿನ ಎಳೆ, ರೇಡಿಯೋ ತರಂಗದ ಕೊಳವೆಗಳು ಒಬ್ಬರಿಗೆ ಒಮ್ಮೆ ಬಳಸುವ ವಸ್ತುಗಳು. ಅವುಗಳ ಬ್ಯಾಚ್ ಸಂಖ್ಯೆ ಬಿಲ್ಲಿನಲ್ಲಿ ಇರುವಂತೆ ನೋಡಿಕೊಳ್ಳುವುದು ಸಂಕೋಚದ ವಿಷಯವಲ್ಲ.

ಆರೋಗ್ಯ ವಿಮೆ ಹೊಂದಿದವರು ಪಾಲಿಸಿಯ ನಿರೀಕ್ಷಣಾ ಅವಧಿಯ ಪುಟವನ್ನು ಓದತಕ್ಕದ್ದು. ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿಗಳ ಸಾಲಿನಲ್ಲಿಯೇ ಉಬ್ಬಿದ ನಾಳಗಳೂ ಅವುಗಳ ಹುಣ್ಣೂ ಇರುತ್ತವೆ. ಆರೋಗ್ಯ ಸಂಜೀವನಿ ಎಂಬ ಏಕರೂಪದ ಪಾಲಿಸಿಯಲ್ಲಿ ಈ ಅವಧಿ 24 ತಿಂಗಳು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಎಲ್ಲ ಪಾಲಿಸಿಗಳಿಗೂ ಗರಿಷ್ಠ ಮಿತಿಯನ್ನು 36 ತಿಂಗಳಿಗೆ ಇಳಿಸಿತು. ಕಾಲು ನೋಯತೊಡಗಿದ ಮೇಲೆ ಪಾಲಿಸಿ ಮಾಡಿಸಿದರೆ ಮೊದಲ ವರ್ಷದಲ್ಲಿ ಪ್ರಯೋಜನವಿಲ್ಲವೆಂದೇ ಇದರ ಅರ್ಥ. ಪ್ರಸ್ತಾವನೆ ಪತ್ರದಲ್ಲಿ ಇರುವ ಕಾಯಿಲೆಯನ್ನು ಮುಚ್ಚಿಟ್ಟರೆ, ಹಳೆಯ ಔಷಧ ಚೀಟಿಯೊಂದು ಹೊರಬಂದಾಗ ಕ್ಲೇಮು ತಿರಸ್ಕೃತವಾಗುತ್ತದೆ. ಏಜೆಂಟನು ಬೇಡವೆಂದನೆಂಬ ಸಮಜಾಯಿಷಿ ಉಪಯೋಗಕ್ಕೆ ಬಾರದು. ಒಂದೇ ದಿನದ ಚಿಕಿತ್ಸೆಯಾದ್ದರಿಂದ 24 ತಾಸು ಒಳರೋಗಿಯಾಗಿರಬೇಕೆಂಬ ನಿಯಮ ಅಡ್ಡಬಾರದಂತೆ, ಪಾಲಿಸಿಯ ದಿನಚಿಕಿತ್ಸೆಯ ವ್ಯಾಖ್ಯೆಗೆ ಆ ಆಸ್ಪತ್ರೆ ಹೊಂದುತ್ತದೆಯೇ ಎಂಬುದನ್ನು ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆದು ಖಚಿತಪಡಿಸಿಕೊಳ್ಳಬೇಕು. ಬರಿಯ ಸೌಂದರ್ಯಕ್ಕಾಗಿ ಮಾಡಿಸಿದ್ದೆಂದು ವಿಮಾ ಕಂಪನಿ ವಾದಿಸಿದರೆ ಉತ್ತರ ಕೊಡುವುದು ಡಾಪ್ಲರ್ ವರದಿಯೇ.

ವೈಯಕ್ತಿಕ ಹಾಗೂ ಕುಟುಂಬದ ಆರೋಗ್ಯ ಪಾಲಿಸಿಗಳ ಕಂತಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ಸಿಬ್ಬಂದಿಗಾಗಿ ಮಾಡಿಸುವ ಗುಂಪು ಪಾಲಿಸಿಗೆ ಈ ರಿಯಾಯಿತಿ ದೊರೆಯಲಿಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 80ಡಿ ಕಲಮಿನಿಂದ ಎಲ್ಲರಿಗೂ ಪರಿಚಿತವಾದ ಕಂತಿನ ಕಡಿತವು ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಕಂತನ್ನು ನಗದಾಗಿ ಕಟ್ಟಿದವರಿಗೆ ಅದೂ ಇಲ್ಲ. ಬಡತನ ರೇಖೆಯ ಕೆಳಗಿನ ಕಾರ್ಡುಳ್ಳ ಕೆಲಸಗಾರರಿಗೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಿದೆ. ಯಾವ ಪದ್ಧತಿಯ ಚಿಕಿತ್ಸೆ ಅದರಲ್ಲಿ ಅಡಕವಾಗಿದೆಯೆಂಬುದನ್ನು ಸರಕಾರಿ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಮೊದಲು ಕೇಳಿ, ಅಲ್ಲಿಂದಲೇ ಶಿಫಾರಸು ಪತ್ರ ಪಡೆಯತಕ್ಕದ್ದು. ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ ಆಮೇಲೆ ಕಾರ್ಡು ತೋರಿಸಿದರೆ ಹಣ ಮರಳುವುದು ಕಷ್ಟ.

ಮಾಲೀಕನು ತನ್ನ ಸ್ವಂತ ಕಾಲಿನ ಚಿಕಿತ್ಸೆಯ ಬಿಲ್ಲನ್ನು ಅಂಗಡಿಯ ಖರ್ಚಿಗೆ ಬರೆಯುವಂತಿಲ್ಲ. ನಿಂತು ನಿಂತೇ ಬಂದ ಕಾಯಿಲೆಯಾದರೂ ತೆರಿಗೆಯ ದೃಷ್ಟಿಯಲ್ಲಿ ಅದು ವೈಯಕ್ತಿಕ ಖರ್ಚು, ಸ್ವಂತ ಉಚಾಪತಿಯ ಖಾತೆಗೆ ಹೋಗತಕ್ಕದ್ದು. ಕೆಲಸಗಾರನ ಚಿಕಿತ್ಸೆಗೆ ಸಂಸ್ಥೆಯು ಕೊಟ್ಟ ಹಣ ಮಾತ್ರ ವ್ಯಾಪಾರದ ಖರ್ಚಾಗುತ್ತದೆ. ಕೌಂಟರಿನ ಹಿಂದೆ ಇಡುವ ಎತ್ತರದ ಸ್ಟೂಲು, ಒಂದೊಂದೇ ಕಾಲನ್ನು ಏರಿಸಿ ಇಡಲು ಅರ್ಧ ಅಡಿ ಎತ್ತರದ ಮಣೆ, ತಾಸಿಗೊಮ್ಮೆ ಐದು ನಿಮಿಷದ ಓಡಾಟ, ಗಿರಾಕಿ ಇಲ್ಲದಾಗ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸುವುದು, ಇವುಗಳಿಂದ ಕೆಟ್ಟ ಕವಾಟ ರಿಪೇರಿಯಾಗದಿದ್ದರೂ ಮೀನಖಂಡದ ಪಂಪು ನಡೆಯುತ್ತಿರುತ್ತದೆ, ಸಂಜೆಯ ಬಾವು ಇಳಿಯುತ್ತದೆ. ಸ್ಟೂಲನ್ನು ಮಾಲೀಕನಿಗೊಂದು, ಗುಮಾಸ್ತನಿಗೊಂದು ಎಂದು ಎರಡು ಕೊಳ್ಳಬೇಕು.